ತಾಯಮ್ಮನ ಕೈಗೆ ಸಿಕ್ಕ ತಲೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುವುದು ನನ್ನ ಹಳೆಯ ಚಾಳಿ. ಮೂವತ್ತು ವರ್ಷ ಹುಡುಗರಿಗೆ ಲೆಕ್ಕ ಕಲಿಸಿದವನು ನಾನು. ದೆವ್ವ ಕಂಡೆ ಎಂದವರನ್ನು, ಎಷ್ಟು ದೂರದಲ್ಲಿತ್ತು, ಬೆಳಕು ಎಷ್ಟಿತ್ತು, ಅವತ್ತು ಹೊಟ್ಟೆಗೆ ಏನು ತಿಂದಿದ್ದಿರಿ ಎಂದು ಕೇಳಿ ಬೆವರಿಳಿಸಿದ್ದೇನೆ. ನಿಮ್ಮ ಹತ್ತಿರ ಹೇಳುವುದೂ ಒಂದೇ ಗೋಡೆಯ ಹತ್ತಿರ ಹೇಳುವುದೂ ಒಂದೇ ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು. ನಾನೂ ನಗುತ್ತಿದ್ದೆ, ಇದೊಂದು ಸಂಜೆಯನ್ನು ಬಿಟ್ಟು.

ಮಂಡ್ಯದ ಕಡೆಗೆ ಹೊಸದಾಗಿ ನಾಲೆಯ ನೀರು ಬಂದಿದ್ದ ಕಾಲ. ನಾಲೆ ಕೆಲಸದ ನೌಕರರಿಗೆಂದು ಊರಾಚೆ ಹನ್ನೆರಡು ಮನೆಗಳ ಒಂದು ವಠಾರ ಕಟ್ಟಿದ್ದರು. ಎಲ್ಲರೂ ಅದನ್ನು ಕ್ವಾರ್ಟರ್ಸು ಎನ್ನುತ್ತಿದ್ದರು. ಆರು ಮನೆ ಈ ಕಡೆ, ಆರು ಮನೆ ಆ ಕಡೆ, ನಡುವೆ ಬಯಲು. ಬಯಲಿನಲ್ಲಿ ಒಂದು ಹುಣಸೆಮರ, ನಾಲೆಗೆ ತಂದು ಮಿಕ್ಕಿದ ಕಲ್ಲಿನ ರಾಶಿ. ನಮ್ಮಪ್ಪ ನಾಲೆ ಆಫೀಸಿನಲ್ಲಿ ಗುಮಾಸ್ತರು. ಹಳ್ಳಿಯ ಹುಡುಗರಿಗೆ ಹಟ್ಟಿ ಕೆಲಸವಿರುತ್ತಿತ್ತು, ಪೇಟೆಯ ಹುಡುಗರಿಗೆ ಗಾಡಿಗಳ ಕಾಟ. ನಮಗೆ ಎರಡೂ ಇರಲಿಲ್ಲ. ಶಾಲೆಯಿಂದ ಬಂದು ಚೀಲ ಎಸೆದರೆ ದೀಪ ಹಚ್ಚುವ ತನಕ ಬಯಲು ನಮ್ಮದೇ. ಚಿನ್ನಿದಾಂಡು, ಲಗೋರಿ, ಮರಕೋತಿ, ಕೊನೆಗೆ ಕತ್ತಲಾಗುವ ಮುಂಚೆ ಕಣ್ಣಾಮುಚ್ಚಾಲೆ.

ಕಣ್ಣಾಮುಚ್ಚಾಲೆಗೆ ಒಬ್ಬರು ಅಜ್ಜಿ ಆಗಬೇಕು. ಹುಡುಕುವವನ ಕಣ್ಣನ್ನು ಅಜ್ಜಿ ಮುಚ್ಚಬೇಕು, ಮಿಕ್ಕವರು ಅವಿತುಕೊಳ್ಳಬೇಕು. ಕಣ್ಣು ಬಿಟ್ಟ ಮೇಲೆ, ಸಿಕ್ಕಿಬೀಳದ ಹಾಗೆ ಓಡಿಬಂದು ಅಜ್ಜಿಯನ್ನು ಮುಟ್ಟಿದವನು ಗೆದ್ದ. ಎಲ್ಲ ಕಡೆ ಹುಡುಗರಲ್ಲೇ ಒಬ್ಬ ಅಜ್ಜಿಯಾಗುತ್ತಾನೆ. ನಮ್ಮಲ್ಲಿ ನಿಜವಾದ ಅಜ್ಜಿಯೇ ಇದ್ದಳು. ಅವಳ ಹೆಸರು ತಾಯಮ್ಮ, ಬಸರಾಳಿನ ಕಡೆಯವಳು. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಅವಳ ಮಗ. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಹುಣಸೆಮರದ ಬುಡದ ಕಲ್ಲಿನ ಮೇಲೆ ಹೊಗೆಸೊಪ್ಪು ಅಗಿಯುತ್ತ ಕೂತಿರುತ್ತಿದ್ದಳು.

ಕಣ್ಣು ಕಾಣದಿದ್ದರೇನು, ಮುಟ್ಟಲು ಬಂದವನ ತಲೆಯ ಮೇಲೆ ಕೈಯಿಟ್ಟು ಇವನು ಇಂಥವನೇ ಎಂದು ಹೆಸರು ಹೇಳುತ್ತಿದ್ದಳು. ಅವಳು ಹೆಸರು ತಪ್ಪಿದರೆ ಮಡಕೆ ಒಡೆದ ಹಾಗೆ. ಆಗ ನಾವು "ಮಡಕೆ ಒಡೀತು" ಎಂದು ಕೂಗಿ ಕುಣಿಯಬಹುದು, ಆಟ ಮೊದಲಿನಿಂದ ಶುರು. ಅವಳ ಮಡಕೆ ಒಡೆಯಲು ನಾವು ಮಾಡದ ಕಿತಾಪತಿ ಇಲ್ಲ. ಅಂಗಿ ಬದಲಾಯಿಸಿಕೊಂಡೆವು, ತಲೆಗೆ ನೀರು ಹಾಕಿಕೊಂಡೆವು, ಪುಟ್ಟರಾಜು ಒಂದು ಸಲ ಹುಡುಗಿಯ ಹಾಗೆ ರಿಬ್ಬನ್ ಕಟ್ಟಿಕೊಂಡು ಬಂದ. ಪ್ರಯೋಜನವಾಗಲಿಲ್ಲ. ಹೆಸರು ಹೇಳಿ, ತಲೆಗೊಂದು ಮೊಟಕಿ ಕಳಿಸುತ್ತಿದ್ದಳು.

ನನಗೊಬ್ಬ ತಮ್ಮ, ಸೀನು. ಆಗ ಅವನಿಗೆ ಆರು ವರ್ಷ, ನನಗೆ ಹತ್ತು. ತಲೆಯಲ್ಲಿ ಎರಡು ಸುಳಿ, ಮೂಗಿನಲ್ಲಿ ಸದಾ ಸಿಂಬಳ. ಹೋದಲ್ಲೆಲ್ಲ ಬಾಲದಂತೆ ಅಂಟಿಕೊಂಡು ಬರುತ್ತಿದ್ದ. ನಾನು ಅವಿತ ಕಡೆಯೇ ಬಂದು ಅವಿಯುತ್ತಿದ್ದ, ನಗು ತಡೆಯಲಾರದೆ ಇಬ್ಬರನ್ನೂ ಹಿಡಿಸಿಕೊಡುತ್ತಿದ್ದ. ನಿಜ ಹೇಳಿಬಿಡುತ್ತೇನೆ, ಅವನನ್ನು ಕಂಡರೆ ನನಗೆ ಉರಿಯುತ್ತಿತ್ತು. ಆ ಧನುರ್ಮಾಸದಲ್ಲಿ ಅಮ್ಮ ಅವನನ್ನು ಕರೆದುಕೊಂಡು ಮಳವಳ್ಳಿಯ ತನ್ನ ತವರಿಗೆ ಹೋದಾಗ, ಪರೀಕ್ಷೆಯಿದ್ದ ನಾನು ಅಪ್ಪನ ಜೊತೆ ಉಳಿದೆ. ಪೀಡೆ ತೊಲಗಿತು ಎಂದು ಪುಟ್ಟರಾಜುವಿನ ಹತ್ತಿರ ಹೇಳಿದ್ದು ಇನ್ನೂ ನೆನಪಿದೆ. ಆ ಮಾತನ್ನು ನೆನೆದರೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ಅವರು ಹೋಗಿ ಎಂಟು ಹತ್ತು ದಿನವಾಗಿತ್ತು. ಕಾಗದ ಬಂದಿರಲಿಲ್ಲ. ಚೆನ್ನಾಗಿದ್ದರೆ ಯಾರು ಬರೆಯುತ್ತಾರೆ ಎಂದು ಅಪ್ಪ ಸುಮ್ಮನಿದ್ದರು. ಅವತ್ತು ಬೆಳಿಗ್ಗೆ ಸೀನುವಿನ ಕುಲಾವಿ ನನ್ನ ಕಣ್ಣಿಗೆ ಬಿತ್ತು. ಅವನಿಗೆ ಕಿವಿನೋವಿನ ಕಾಟವಿದ್ದುದರಿಂದ ಅಮ್ಮ ಹೆಣೆದಿದ್ದ ಉಣ್ಣೆಯ ಟೋಪಿ. ಹೊರಡುವ ದಿನ ಒಗೆದದ್ದು ಒಣಗದೆ ತಂತಿಯ ಮೇಲೇ ಉಳಿದಿತ್ತು. ಅದನ್ನು ಹಾಕಿಕೊಂಡು, ಮಂಡಿ ಬಗ್ಗಿಸಿ ಗಿಡ್ಡನಾಗಿ ಹೋದರೆ ತಾಯಮ್ಮ ಖಂಡಿತ ಸೀನು ಎನ್ನುತ್ತಾಳೆ, ಊರಲ್ಲಿಲ್ಲದವನ ಹೆಸರು ಹೇಳಿಸಿದರೆ ಇಡೀ ಕ್ವಾರ್ಟರ್ಸು ನಗುತ್ತದೆ ಎಂದುಕೊಂಡೆ. ಕುಲಾವಿಯನ್ನು ಚಡ್ಡಿ ಜೇಬಿಗೆ ತುರುಕಿಕೊಂಡೆ.

ಸಂಜೆ ಪುಟ್ಟರಾಜು ಹುಡುಕುವವನು. ನಾವು ಎಂಟು ಮಂದಿ ಅವಿತುಕೊಂಡೆವು. ನಾನು ನಮ್ಮ ಬಚ್ಚಲುಮನೆಯ ಹಿಂದೆ ಕೂತೆ. ಪುಟ್ಟರಾಜು ಕಲ್ಲಿನ ರಾಶಿಯ ಕಡೆಗೆ ಹೋದದ್ದನ್ನು ನೋಡಿ, ಕುಲಾವಿ ಹಾಕಿಕೊಂಡು, ಬಗ್ಗಿ ಸದ್ದಿಲ್ಲದೆ ಹೋಗಿ ತಾಯಮ್ಮನ ಮಂಡಿ ಮುಟ್ಟಿದೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಎಂದಿನಂತೆ ಕೈ ನನ್ನ ತಲೆಯ ಮೇಲೆ ಬಂತು. ಕುಲಾವಿಯನ್ನು ಸವರಿತು. ಅಲ್ಲೇ ನಿಂತಿತು.

"ಒಡಿಯಾಕಿಲ್ಲ ಕಣ್ಲಾ ದೊಡ್ಡೋನೆ, ಮಡಕೆ," ಎಂದಳು. "ತಮ್ಮನ ಟೋಪಿ ಇಕ್ಕಂಡ್ರೆ ತಮ್ಮ ಆಗ್ಬುಡ್ತೀಯಾ? ಅವನು ಈಗ್ತಾನೆ ಬಂದು ಮುಟ್ಬುಟ್ಟು ಓದ."

ಸೋತ ಸಿಟ್ಟಿನಲ್ಲಿ ನಾನು, ಸೀನು ಮಳವಳ್ಳಿಯಲ್ಲಿದ್ದಾನೆ, ನೀನು ಯಾರನ್ನೋ ಮುಟ್ಟಿದ್ದೀಯ, ಹಾಗಾದರೆ ಮಡಕೆ ಒಡೆದದ್ದೇ ಸೈ ಎಂದು ವಾದಿಸಿದೆ. ಅವಳಿಗೂ ರೇಗಿತು. ಎರಡು ಸುಳಿಯ ತಲೆ ಈ ಕ್ವಾರ್ಟರ್ಸಿನಲ್ಲಿ ಇನ್ನೊಂದು ಇದ್ದರೆ ತೋರಿಸು ಎಂದಳು. ಅವನ ನೆತ್ತಿ ಬಾವಿಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತಂತೆ. ಚಳಿಯಲ್ಲಿ ಬರಿದಲೆಯಲ್ಲಿ ಬಂದಿದ್ದೀಯಲ್ಲ ಎಂದು ಬೈದಳಂತೆ. ಯಾವತ್ತೂ ಕಿಸಿಕಿಸಿ ನಗುವವನು ಅವತ್ತು ನಗಲಿಲ್ಲವಂತೆ.

"'ಓಯ್ತೀನಿ ಅಜ್ಜಿ' ಅಂದ," ಎಂದಳು ತಾಯಮ್ಮ. "ಅಂಗನ್ಬಾರದು ಕಣ್ಲಾ, ಓಗಿ ಬತ್ತೀನಿ ಅನ್ನು ಅಂದೆ. ಸುಮ್ಕೆ ನಿಂತಿದ್ದ. ಅವನು ಅನ್ನೋಗಂಟ ನಾನು ತಲೆ ಮ್ಯಾಲಿಂದ ಕೈ ತೆಗೀನಿಲ್ಲ."

ನಮ್ಮ ಕಡೆ ಯಾರೂ ಬರಿದೇ ಹೋಗುತ್ತೇನೆ ಎಂದು ಹೇಳಿ ಹೊರಡುವುದಿಲ್ಲ. ಹಾಗೆ ಹೋಗುವುದು ಸತ್ತವರು ಮಾತ್ರ. ಮಕ್ಕಳು ಮರೆತು ಅಂದರೆ ಹಿರಿಯರು ಗದರಿಸಿ ತಿದ್ದುತ್ತಾರೆ. ತಾಯಮ್ಮ ಮಾಡಿದ್ದೂ ಅಷ್ಟೇ, ಯಾವ ಮುದುಕಿಯಾದರೂ ಮಾಡುವಂಥದ್ದು. ಆದರೂ ಆ ಮಾತು ಕೇಳಿ ಆಟ ಬಿಟ್ಟು ಮನೆಗೆ ಓಡಿದೆ. ಅಮ್ಮ ಬಂದಿರಬಹುದು, ಸೀನು ಬಸ್ಸಿಳಿದವನೇ ಬಯಲಿಗೆ ಓಡಿರಬಹುದು ಎಂಬ ಆಸೆ. ಮನೆಯಲ್ಲಿ ಅಪ್ಪ ಒಬ್ಬರೇ ಕೂತು ಲಾಟೀನಿನ ಗಾಜು ಒರೆಸುತ್ತಿದ್ದರು. ಯಾರೂ ಬಂದಿಲ್ಲ ಎಂದರು. ವಿಷಯ ಹೇಳಿದ್ದಕ್ಕೆ, ಕುರುಡು ಮುದುಕಿಯ ಮಾತು ಕಟ್ಟಿಕೊಂಡು ಕುಣಿಯಬೇಡ, ಪುಸ್ತಕ ತೆಗಿ ಎಂದು ಗದರಿದರು. ಅವತ್ತು ರಾತ್ರಿ ಅವರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮಳವಳ್ಳಿಯಿಂದ ಮೊದಲ ಬಸ್ಸಿಗೆ ಸೋದರಮಾವ ಬಂದ. ಕಣ್ಣು ಕೆಂಡವಾಗಿತ್ತು. ಬಾಗಿಲಲ್ಲೇ ನಿಂತು, "ಭಾವ, ಮಗು ಉಳೀತು, ಹೊರಡಿ," ಎಂದ. ಸೀನು ಸಾವಿನ ಬಾಯಿಗೆ ಹೋಗಿದ್ದ ಎಂಬುದು ಆ ಉಳಿಯಿತು ಎಂಬ ಮಾತಿನಿಂದಲೇ ನಮಗೆ ತಿಳಿದದ್ದು. ಮೂವರೂ ಮಳವಳ್ಳಿಯ ಬಸ್ಸು ಹತ್ತಿದೆವು. ನಾನು ಜೇಬಿನಲ್ಲಿದ್ದ ಕುಲಾವಿಯನ್ನು ಹಿಡಿದುಕೊಂಡು ಕೂತಿದ್ದೆ.

ಆದದ್ದನ್ನು ಅಮ್ಮ ಹೇಳಿದಳು. ನಾಲ್ಕು ದಿನದಿಂದ ಜ್ವರ. ಇವತ್ತು ಇಳಿಯುತ್ತದೆ, ನಾಳೆ ಇಳಿಯುತ್ತದೆ ಎಂದು ನಮಗೆ ತಿಳಿಸಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಪ್ರಜ್ಞೆಯಿಲ್ಲ. ಸಂಜೆಯ ಹೊತ್ತಿಗೆ ಕೈಕಾಲು ತಣ್ಣಗಾಗಿ, ಪಂಡಿತರು ನಾಡಿ ಹಿಡಿದು ನೋಡಿ, ಮದ್ದಿನ ಚೀಲ ಕಟ್ಟಿಕೊಂಡು ಎದ್ದರು. ಮಗುವನ್ನು ಹಾಸಿಗೆಯಿಂದ ಕೆಳಗಿಳಿಸಿ ನೆಲದ ಮೇಲೆ ಮಲಗಿಸಿದರು. ಬಾಯಿಗೆ ಬಿಟ್ಟ ತುಳಸಿ ನೀರು ಕಟಬಾಯಿಂದ ಹೊರಗೆ ಹರಿಯಿತು. ಅಮ್ಮನನ್ನು ಎಬ್ಬಿಸಿ ಪಕ್ಕದ ಕೋಣೆಗೆ ಕರೆದೊಯ್ದರು. ದೇವರ ಮುಂದೆ ದೀಪ ಹಚ್ಚುತ್ತಿದ್ದ ಹೊತ್ತಿನಲ್ಲಿ ಮಗು ಮಾತಾಡಿತು.

"ಹೋಗಿ ಬರ್ತೀನಿ ಅಂದೆನಲ್ಲ ಅಜ್ಜಿ, ಕೈ ತೆಗಿ," ಎಂದಿತಂತೆ.

ಅಮ್ಮನ ತಾಯಿ, ನಮ್ಮ ಸ್ವಂತ ಅಜ್ಜಿ, ಬಾಗಿಲ ಬಳಿ ಕೂತು ಅಳುತ್ತಿದ್ದಳು. ಅವಳು ಮಗುವನ್ನು ಮುಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಮುಟ್ಟಿರಲಿಲ್ಲ. ಅಮ್ಮ ಇದನ್ನು ಹೇಳುವ ತನಕ ಅಪ್ಪನಾಗಲಿ ನಾನಾಗಲಿ ತಾಯಮ್ಮನ ಸುದ್ದಿ ಎತ್ತಿರಲಿಲ್ಲ, ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಹಿಂತಿರುಗುವ ಬಸ್ಸಿನಲ್ಲಿ ಅವರೇ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಕ್ವಾರ್ಟರ್ಸಿಗೆ ಬಂದವನೇ ನಾನು ವಿಚಾರಣೆಗೆ ಇಳಿದೆ. ನನ್ನ ಬುದ್ಧಿ ಆಗಿನಿಂದಲೂ ಹಾಗೇ. ಅವತ್ತು ಆಡಿದ ಒಬ್ಬೊಬ್ಬರನ್ನೂ ಹಿಡಿದು, ಅಜ್ಜಿಯನ್ನು ಎರಡು ಸಲ ಮುಟ್ಟಿದೆಯಾ, ಸೀನುವಿನ ಹಾಗೆ ಮಾತಾಡಿದೆಯಾ ಎಂದು ಕೇಳಿದೆ. ಸ್ಲೇಟು ಮುಟ್ಟಿಸಿ ವಿದ್ಯೆಯಾಣೆ ಹಾಕಿಸಿದೆ. ಎಲ್ಲರ ತಲೆಯನ್ನೂ ನಾನೇ ತಡವಿ ನೋಡಿದೆ. ಎರಡು ಸುಳಿ ಯಾರಿಗೂ ಇರಲಿಲ್ಲ. ತಾಯಮ್ಮನಿಗೆ ಮಳವಳ್ಳಿಯ ಸುದ್ದಿ ಮೊದಲೇ ತಿಳಿದಿತ್ತೇ ಎಂದರೆ, ನಮಗೇ ತಿಳಿಯದ್ದು ಅವಳಿಗೆ ಯಾರು ಹೇಳಬೇಕು?

ನಡೆದದ್ದನ್ನು ನಾನೇ ಹೋಗಿ ಅವಳಿಗೆ ಹೇಳಿದೆ. ಅವಳು ಕೈ ಮುಗಿಯುತ್ತಾಳೆ, ದೇವರ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದೆ. ಏನೂ ಮಾಡಲಿಲ್ಲ. ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಎಷ್ಟೋ ದಿನ ಹುಣಸೆಮರದ ಕಡೆಗೇ ಬರಲಿಲ್ಲ. ನಾವು ಕರೆಯಲು ಹೋದರೆ ಮೈಯಲ್ಲಿ ಸರಿಯಿಲ್ಲ ಎಂದು ಮಗನ ಕೈಲಿ ಹೇಳಿಸುತ್ತಿದ್ದಳು.

ಸೀನು ಈಗಲೂ ಗಟ್ಟಿಮುಟ್ಟಾಗಿದ್ದಾನೆ. ಅವನಿಗೆ ಆ ಸಂಜೆಯ ನೆನಪು ಚೂರೂ ಇಲ್ಲ. ಕೇಳಿದರೆ, ನಿನಗೆ ಕಣೋ ಜ್ವರ ಬಂದಿದ್ದು ಎಂದು ನನ್ನನ್ನೇ ಗೇಲಿ ಮಾಡುತ್ತಾನೆ. ಮಾಡಲಿ. ಅವನು ಎದುರಿಗೆ ಕೂತು ಗೇಲಿ ಮಾಡುವುದನ್ನು ಕೇಳುವಾಗ ನನಗೆ ಆಗುವ ಸಂತೋಷ ಅವನಿಗೆ ತಿಳಿಯದು. ಆದರೆ ಒಂದು ಮಾತನ್ನು ಅವನಿಗೂ ಹೇಳಿಲ್ಲ. ಅವತ್ತು ನಾನು ತಾಯಮ್ಮನ ಬಳಿಗೆ ಇನ್ನೂ ಮುಂಚೆಯೇ ಹೋಗಿಬಿಡುವವನಿದ್ದೆ. ಪುಟ್ಟರಾಜು ಆಚೆ ತಿರುಗಿದ ಕೂಡಲೇ ಹೊರಟವನು, ಕುಲಾವಿಯ ದಾರ ಕಗ್ಗಂಟಾಗಿದ್ದರಿಂದ ಮತ್ತೆ ಕೂತು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಅಷ್ಟರಲ್ಲಿ ತಡವಾಯಿತು. ಆ ದಿನಗಳಲ್ಲೇ ಈ ಯೋಚನೆ ತಲೆಗೆ ಹೊಕ್ಕು ನನಗೆ ನಿದ್ದೆ ಹತ್ತಲಿಲ್ಲ. ತಾಯಮ್ಮನ ಜಗಲಿಗೆ ಹೋಗಿ ಕೇಳಿಯೇಬಿಟ್ಟೆ. ನಾನು ಮೊದಲು ಬಂದು, ನನ್ನನ್ನೇ ನೀನು ಸೀನು ಎಂದುಕೊಂಡಿದ್ದರೆ, ಆಮೇಲೆ ಬಂದವನಿಗೆ ಏನು ಹೇಳುತ್ತಿದ್ದೆ ಎಂದೆ.

ಅವಳು ಬಾಯಲ್ಲಿದ್ದ ಹೊಗೆಸೊಪ್ಪು ಉಗಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ಅವಳದಲ್ಲ.

"ಇನ್ನೇನಂತಿದ್ದೆ? ಒಂದ್ ಕಿತ ಮುಟ್ಟಾಯ್ತಲ್ಲ, ಓಗ್ಲಾ ಅಂತಿದ್ದೆ," ಎಂದಳು.