ನನ್ನ ತಖ್ತೆಯ ಹನ್ನೆರಡನೆಯ ತತ್ತಿ

ಮಗಳು ಮಂಗಲಾ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಪ್ಪಾ, ಇದನ್ನ ನೋಡ್ರಿ" ಎಂದಳು. ಕನ್ನಡಕ ಏರಿಸಿ ನೋಡಿದೆ. ಬೂದು ಬಣ್ಣದ ಒಂದು ದುಂಡನೆಯ ಚಿತ್ರ, ಒಳಗೆ ಸಣ್ಣ ಸಣ್ಣ ಗುಳ್ಳೆಗಳು. ದೀಪಕ್ಕೆ ಹಿಡಿದ ಹಪ್ಪಳದ ಹಾಗೆ ಕಂಡಿತು. ಕಂಡದ್ದನ್ನು ಬಾಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಹಪ್ಪಳ ಎಂದುಬಿಟ್ಟೆ. ಒಳಗಿನಿಂದ ನನ್ನ ಹೆಂಡತಿ ಶಾಂತಾ, "ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ್ಲಿ, ಅದು ಆಕಿ ಕೂಸು" ಎಂದಳು.

ಕೂಸು ಎನ್ನುವುದು ಶಾಂತಾಳ ಅವಸರ. ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ದೇಹದ ಹೊರಗೆ, ಗಾಜಿನ ಬಟ್ಟಲಲ್ಲಿ ಬೆಳೆಯುತ್ತಿದ್ದ ಭ್ರೂಣ ಅದು. ಮದುವೆಯಾಗಿ ಹನ್ನೊಂದು ವರ್ಷ ಕಾದು ಮಂಗಲಾ ಈ ಐವಿಎಫ್ ದಾರಿ ಹಿಡಿದಿದ್ದಳು. ಸಾಮಾನ್ಯವಾಗಿ ಐದನೆಯ ದಿನಕ್ಕೆ ಭ್ರೂಣ ಈ ಗುಳ್ಳೆಯ ಹಂತಕ್ಕೆ ಬರುತ್ತದಂತೆ, ಅಂದೇ ಗರ್ಭದಲ್ಲಿ ಇಡುತ್ತಾರಂತೆ. ಇವಳವು ಐದನೆಯ ದಿನ ಒಂದೂ ಮುಟ್ಟಿರಲಿಲ್ಲ. ಆರನೆಯ ದಿನ ಒಂದೇ ಒಂದು ಬಂದು ಮುಟ್ಟಿತ್ತು.

"ಈಗ ಒಳಗ ಇಡೂದಿಲ್ಲಂತ. ಗರ್ಭದ ಪದರಿಗೂ ತನ್ನ ದಿನಾ ಅಂತ ಇರ್ತಾವಂತ, ಅದು ಮುಂದ ಹೋತು, ಇದು ಹಿಂದ ಉಳೀತು. ತಂಪಿನಾಗ ಇಟ್ಟು, ಮುಂದಿನ ತಿಂಗಳ ಎರಡನ್ನೂ ಹೊಂದಿಸಿ ನೋಡೋಣ ಅಂತಾರ ಡಾಕ್ಟರು. ಐದನೇ ದಿನದ್ದಕ್ಕ ಆಸೆ ಒಂದಿಷ್ಟು ಹೆಚ್ಚಂತ, ಆದ್ರ ಆರನೇ ದಿನದ್ದೂ ಎಷ್ಟೋ ಮಂದಿಗೆ ಕೂಸಾಗೇದಂತ. ಇದನ್ನ ಕೈಬಿಟ್ಟು ಮತ್ತ ಮೊದಲಿಂದ ಸುರು ಮಾಡ್ಬೇಕೋ, ಇದನ್ನಽ ಕಾಯ್ಬೇಕೋ, ಸಂಜಿ ಐದರೊಳಗ ಹೇಳ್ಬೇಕು." ಅವಳು ಮೂಗೊರೆಸಿಕೊಂಡಳು. "ನೀವು ಸೈನ್ಸ್ ಮಾಸ್ತರು. ಹೇಳ್ರಿ, ತಡಾ ಆದದ್ದು ಛಲೋ ಇರ್ತದೇನು?"

ಮೂವತ್ತೈದು ವರ್ಷ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ ಬಾಯಿ ಇದು. ಅವತ್ತು ಒಣಗಿತು. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಎಪ್ಪತ್ತರ ದಶಕದ ಸಿಂದಗಿಗೆ ಬರಬೇಕು. ದಾರಿ ಬಹಳ ಚೆನ್ನಾಗಿಲ್ಲ, ಆಗಲೂ ಇರಲಿಲ್ಲ.

ಮನಗೂಳಿಯ ಆಚಾರವಂತ ವೈಷ್ಣವರ ಮನೆಯ ಹುಡುಗ ನಾನು. ಇಂಡಿಯಲ್ಲಿ ಎರಡು ವರ್ಷ ಮಾಸ್ತರಿಕೆ ಮಾಡಿ ಸಿಂದಗಿಯ ಒಂದು ಹೈಸ್ಕೂಲಿಗೆ ವರ್ಗವಾಗಿ ಬಂದೆ. ಬರುವಾಗ ಎರಡು ಟ್ರಂಕು ಸಾಮಾನು ತಂದೆ, ಅದಕ್ಕಿಂತ ಹೆಚ್ಚಿಗೆ ಅಹಂಕಾರ ತಂದೆ. ಭ್ರೂಣದ ಬೆಳವಣಿಗೆ ಎಂಬ ಪಾಠವನ್ನು ಬರೀ ಬಣ್ಣದ ಸೀಮೆಸುಣ್ಣದಲ್ಲಿ ಮುಗಿಸುವುದು ನನ್ನ ಯೋಗ್ಯತೆಗೆ ಕಡಿಮೆ ಎನಿಸಿತು. ಶಾಲೆಯ ಕಸ ಹೊಡೆಯುವ ಬಾಳವ್ವನ ಕೋಳಿ ಕಾವಿಗೆ ಕೂತದ್ದು ತಿಳಿದು, ಅದನ್ನು ಬುಟ್ಟಿ ಸಮೇತ ಶಾಲೆಯ ಹಿಂದಿನ ಕೋಣೆಗೆ ತರಿಸಿದೆ. ಹನ್ನೆರಡು ತತ್ತಿ. ಒಂದೊಂದರ ಮೇಲೂ ಪೆನ್ಸಿಲ್‌ನಿಂದ ನಂಬರು, ತಾರೀಖು. ಗೋಡೆಯ ಮೇಲೆ ದೊಡ್ಡ ತಖ್ತೆ: ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೊಂದು ಮನೆ.

ಒಂದು ಸಣ್ಣ ತೊಂದರೆ ಇತ್ತು. ಹುಟ್ಟಿದಾಗಿನಿಂದ ನಾನು ತತ್ತಿ ಮುಟ್ಟಿದವನಲ್ಲ. ವಿಜ್ಞಾನ ಬೇಕು, ಮೈಲಿಗೆ ಬೇಡ. ಆದ್ದರಿಂದ ಪ್ರತಿ ತತ್ತಿಯನ್ನೂ ಕಿಸೆಯ ದಸ್ತಿಯಲ್ಲಿ ಹಿಡಿದು ಎತ್ತುತ್ತಿದ್ದೆ. ಮೂರನೆಯ ದಿನ ದಸ್ತಿ ಜಾರಿತು, ಹನ್ನೆರಡನೆಯ ತತ್ತಿ ಫರ್ಶಿಕಲ್ಲಿನ ನೆಲದ ಮೇಲೆ ಬಿದ್ದು ಒಡೆಯಿತು. ಬಾಳವ್ವ ನಕ್ಕು, ಮನೆಗೆ ಹೋಗಿ ಬೇರೆಯದನ್ನು ತಂದುಕೊಟ್ಟಳು. ನಾನು ಅದರ ಮೇಲೆ ಹನ್ನೆರಡು ಎಂದು ಬರೆದು, ಮೂರು ದಿನದ ಹಿಂದಿನ ತಾರೀಖನ್ನೇ ಹಾಕಿದೆ.

"ಇದನ್ನ ಇವತ್ತ ಇಟ್ಟೀವಲ್ರಿ ಮಾಸ್ತರ್ರ, ಹಳೇ ತಾರೀಖ ಯಾಕ ಬರ್ಯಾಕತ್ತೀರಿ?"

"ತಖ್ತೆ ಕೆಡ್ತದ ಬಾಳವ್ವ. ನಿನಗ ತಿಳ್ಯೂದಿಲ್ಲ."

ನೀವು ನಗಬೇಡಿ. ಪ್ರಯೋಗ ಮಾಡುವ ಮೊದಲೇ ಉತ್ತರ ಬರೆದು, ಆಮೇಲೆ ಅದಕ್ಕೆ ಪ್ರಯೋಗವನ್ನು ಹೊಂದಿಸುವುದು ನಮ್ಮ ಹೈಸ್ಕೂಲುಗಳ ಹಳೆಯ ರೂಢಿ. ಜರ್ನಲ್ ಪುಸ್ತಕದಲ್ಲಿ ಬರೆದು ಹೊಡೆದ ಒಂದೂ ಕಾಟು ಇರಬಾರದು ಎಂದು ಹುಡುಗರ ಕಿವಿ ಹಿಂಡುತ್ತಿದ್ದವನು ನಾನೇ.

ಏಳನೆಯ ದಿನ ಕೋಣೆಗೆ ಕತ್ತಲು ಮಾಡಿ, ಬ್ಯಾಟರಿಯ ಬೆಳಕಿನಲ್ಲಿ ತತ್ತಿಗಳನ್ನು ಒಂದೊಂದಾಗಿ ನೋಡಿದೆವು. ಹನ್ನೊಂದು ತತ್ತಿಗಳಲ್ಲಿ ಕೆಂಪು ನರಗಳು ಹರಡಿಕೊಂಡಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಅದನ್ನು ನಾನೂ ಅಂದೇ ಮೊದಲ ಸಲ ನೋಡಿದ್ದು. ಮೈ ಜುಮ್ಮೆಂದಿತು, ಆದರೆ ಹುಡುಗರೆದುರು ಹಳೆಯ ಸಂಗತಿ ಎಂಬಂತೆ ಗಂಟಲು ಸರಿಪಡಿಸಿಕೊಂಡೆ. ಹನ್ನೆರಡನೆಯದರಲ್ಲಿ ಎಳೆಯ ಒಂದೆರಡು ಗೆರೆ ಮಾತ್ರ ಇದ್ದವು. ತಖ್ತೆಯಲ್ಲಿ ಅದರ ಮುಂದೆ ಕೆಂಪು ಶಾಯಿಯಲ್ಲಿ "ಮಂದ" ಎಂದು ಬರೆದೆ. ನಾಲ್ಕು ದಿನದ ಹಿಂದೆ ನಾನೇ ಸುಳ್ಳು ತಾರೀಖು ಹಾಕಿದ್ದು ಅಷ್ಟರಲ್ಲಿ ನನಗೇ ಮರೆತುಹೋಗಿತ್ತು.

ಈ ಮಧ್ಯೆ ಶಾಂತಾ ಒಂದು ಭಾನುವಾರ ಶಾಲೆಗೆ ಬಂದಳು. ತತ್ತಿಯ ಮೈಲಿಗೆಯೆಂದು ದಿನವೂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಸೀದಾ ಬಚ್ಚಲಿಗೆ ಅಟ್ಟುತ್ತಿದ್ದವಳು, ಅಂದು ತಾನೇ ಬುಟ್ಟಿಯ ಮುಂದೆ ಕೂತು ತತ್ತಿಯೊಳಗಿನ ಮಿಡಿತ ನೋಡಿದಳು. ಬಹಳ ಹೊತ್ತು ನೋಡಿದಳು. ನಮಗೆ ಮದುವೆಯಾಗಿ ಆಗ ಏಳು ವರ್ಷ, ಮಕ್ಕಳಿರಲಿಲ್ಲ. ಮನಗೂಳಿಯಿಂದ ನನ್ನ ತಾಯಿ ಪ್ರತಿ ಕಾಗದದಲ್ಲಿಯೂ ಎರಡನೆಯ ಸಂಬಂಧದ ಮಾತು ತೆಗೆಯುತ್ತಿದ್ದಳು. ನಾನು ಅದಕ್ಕೆ ಒಪ್ಪಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ಆದರೆ ಶಾಂತಾಳಿಗೆ ಒಮ್ಮೆ, "ಏಳು ವರ್ಷ ಆತು, ಇನ್ನ ಆಗೂದಿಲ್ಲ ಬಿಡು" ಎಂದು ಫಲಿತಾಂಶ ಓದಿದ ಹಾಗೆ ಹೇಳಿದ್ದೆ. ಸಮಾಧಾನ ಹೇಳುತ್ತಿದ್ದೇನೆಂದೇ ತಿಳಿದುಕೊಂಡಿದ್ದೆ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮರಿ ಹೊರಬಂದು ಚಿಂವ್‌ಗುಡುತ್ತಿದ್ದವು. ಇಡೀ ತರಗತಿ ಕುಣಿಯಿತು. ಹನ್ನೆರಡನೆಯದು ಸುಮ್ಮನೆ ಕೂತಿತ್ತು. ಕೆಟ್ಟ ತತ್ತಿಯೊಳಗೆ ಬೆಳವಣಿಗೆ ಎಲ್ಲಿಗೆ ನಿಂತಿರುತ್ತದೆ ನೋಡಿ ಎಂದು ಅದನ್ನು ಮೇಜಿನ ಮೇಲೆ ಇಟ್ಟೆ.

ಬಾಗಿಲಲ್ಲಿ ನಿಂತಿದ್ದ ಬಾಳವ್ವ, "ಬ್ಯಾಡ್ರಿ ಮಾಸ್ತರ್ರ, ಇನ್ನ ಮೂರ ದಿನಾ ತಡೀರಿ. ಅದರಾಗ ಜೀವ ಐತಿ" ಎಂದಳು.

"ಇಪ್ಪತ್ತೊಂದು ಅಂದ್ರ ಇಪ್ಪತ್ತೊಂದು" ಎಂದು ನಾನು ಚಿಮ್ಮಟದಿಂದ ಒಡೆದೆ.

ಜೀವ ಇತ್ತು. ಪುಕ್ಕ ಮೂಡಿದ ಪೂರ್ತಿ ಮರಿ, ಹೊಟ್ಟೆಯ ಹೊರಗೆ ಹಳದಿ ಇನ್ನೂ ಒಳಸೇರದೆ ಉಳಿದಿತ್ತು. ಒಡೆದ ಸಿಪ್ಪೆಯ ಅಂಚಿನಿಂದ ರಕ್ತ ಜಿನುಗಿತು. ಅದು ಕೊಕ್ಕು ತೆರೆಯಿತು, ಮುಚ್ಚಿತು. ದಸ್ತಿ ಮರೆತು ಬರಿಗೈಯಲ್ಲೇ ಎತ್ತಿಕೊಂಡೆ. ಗಂಟೆ ಬಾರಿಸುವಷ್ಟರಲ್ಲಿ ತಣ್ಣಗಾಯಿತು. ಬಾಳವ್ವ ಹತ್ತಿರ ಬಂದಳು. ಅದನ್ನು ನನ್ನ ಕೈಯಿಂದ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮನೆಗೆ ಹೋಗಿ ಹೇಳಿದೆ. ಶಾಂತಾ ಅಂದು ನನ್ನನ್ನು ಬಚ್ಚಲಿಗೆ ಅಟ್ಟಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: "ನನ್ನ ಮ್ಯಾಲೂ ಹಿಂಗಽ ತಾರೀಖು ಬರದು ಇಟ್ಟೀರೇನು?"

ನಾನು ಅಷ್ಟು ಸಣ್ಣವನಾದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಮರುದಿನ ತರಗತಿಯಲ್ಲಿ, ತಾರೀಖು ಸುಳ್ಳು ಬರೆದವನು ನಾನು, ತತ್ತಿ ಮಂದವಾಗಿರಲಿಲ್ಲ ಎಂದು ಹೇಳಿ ತಖ್ತೆ ಹರಿದು ಹಾಕಿದೆ. ಮಂಗಲಾ ಹುಟ್ಟಿದ್ದು ನಮ್ಮ ಮದುವೆಯ ಹತ್ತನೆಯ ವರ್ಷ. ಹಾಗಂತ ಆ ಮರಿಯ ಸಾವಿನಿಂದ ನನಗೆ ಜ್ಞಾನೋದಯವಾಗಿ ಮಗಳು ಹುಟ್ಟಿದಳು ಎಂದು ತಿಳಿಯಬೇಡಿ. ಜ್ಞಾನೋದಯವಾಗಿದ್ದರೆ ಮುಂದೆ ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ಅಷ್ಟೊಂದು ಹುಡುಗರನ್ನು "ಇವನ ತಲೆಗೆ ಹತ್ತುವುದಿಲ್ಲ" ಎಂದು ಹಿಂದಿನ ಬೆಂಚಿಗೆ ಕಳಿಸುತ್ತಿರಲಿಲ್ಲ.

ಇದಿಷ್ಟನ್ನೂ ಅವತ್ತು ಮೊದಲ ಸಲ ಮಗಳಿಗೆ ಹೇಳಿದೆ. ಕೊನೆಗೆ, "ತಡಾ ಆದದ್ದು ಛಲೋನೋ ಕೆಟ್ಟದ್ದೋ, ನನಗ ಗೊತ್ತಿಲ್ಲವ್ವ. ಕೋಳಿ ಬ್ಯಾರೆ, ನೀ ಬ್ಯಾರೆ. ಡಾಕ್ಟರಿಗೆ ನನಗಿಂತ ಛಲೋ ಗೊತ್ತದ" ಎಂದೆ. ಗೊತ್ತಿಲ್ಲ ಎಂದು ನಾನು ಹೇಳಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ನನ್ನ ಮುಖ ನೋಡಿದಳು, ಫೋನಿನ ಚಿತ್ರ ನೋಡಿದಳು. ಐದಕ್ಕೆ ಇನ್ನೂ ಅರ್ಧ ತಾಸು ಇರುವಾಗಲೇ ಆಸ್ಪತ್ರೆಗೆ ಫೋನು ಮಾಡಿ, "ತಂಪಿನಾಗ ಇಡ್ರಿ ಅದನ್ನ. ನಾ ಕಾಯ್ತೇನಿ" ಎಂದಳು.

ಮುಂದಿನ ತಿಂಗಳು ಗರ್ಭದಲ್ಲಿ ಇಟ್ಟರು. ರಕ್ತ ಪರೀಕ್ಷೆಯ ಫಲಿತಾಂಶ ಬರುವ ದಿನ ಮಂಗಲಾ ನಮ್ಮಲ್ಲೇ ಇದ್ದಳು. ಫೋನು ಬಂದಾಗ ಅವಳು ಅದನ್ನು ನನಗೆ ಕೊಟ್ಟಳು. ನಾನು ಕನ್ನಡಕ ಹುಡುಕತೊಡಗಿದೆ. ಶಾಂತಾ ಕಸಿದುಕೊಂಡು, "ಹೌದ್ರಿ... ಹೌದ್ರಿ... ಹೇಳ್ತೇನ್ರಿ" ಎಂದು ಕೆಳಗಿಟ್ಟು, ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. "ಗರ್ಭ ನಿಂತದಂತ" ಎಂದಳು.

ನನ್ನ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ಬೆರಳು ಮಡಚಿ, ಒಂಬತ್ತು ತಿಂಗಳಿಗೆ ಯಾವ ತಾರೀಖು ಬರುತ್ತದೆಂದು ಎಣಿಸಲು ಬಾಯಿ ತೆರೆದೆ. ತಾಯಿ ಮಗಳು ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು. ನಾನು ಬೆರಳು ಬಿಚ್ಚಿದೆ.