ಬಷೀರ್ ಸಾಬರ ಬಾಂಬರ್

ಆಕಾಶದಲ್ಲಿ ವಿಮಾನದ ಸದ್ದಾದರೆ ಬಷೀರ್ ಸಾಬರು ವೆಲ್ಡಿಂಗ್ ನಿಲ್ಲಿಸಿ, ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. "ಎಡಗಡೆ ಇಂಜಿನ್ ಕೆಮ್ತಾ ಐತೆ. ಬೆಂಗ್ಳೂರಲ್ಲಿ ಇಳಿದ್ಮೇಲೆ ತೋರಿಸ್ಕೊಳ್ಳಲಿ" ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಸ್ವತಃ ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಮುಳಬಾಗಿಲಿನಲ್ಲಿ ಅವರದು ರೇಡಿಯೇಟರ್ ರಿಪೇರಿ ಅಂಗಡಿ. ಪಕ್ಕದ ಹೈಸ್ಕೂಲಿನಲ್ಲಿ ನಾನು ಚರಿತ್ರೆ ಹೇಳುವ ಟೀಚರ್. ನನ್ನ ಸ್ಕೂಟರಿನ ಸೈಲೆನ್ಸರ್ ಕಳಚಿಬಿದ್ದ ದಿನ ಪರಿಚಯವಾಯಿತು.

ಮಹಾಯುದ್ಧದ ಕಾಲದಲ್ಲಿ ಅವರ ತಂದೆ ಕೋಲಾರದ ವಿಮಾನ ನೆಲೆಯಲ್ಲಿ ನಾಲ್ಕು ಇಂಜಿನ್ನಿನ ಒಂದು ಬಾಂಬರಿಗೆ ಆಯಿಲ್ ಹಾಕುತ್ತಿದ್ದರಂತೆ. "ರಂಗೂನಿಗೆ ಹದಿನೆಂಟು ಸಲ ಹೋಗಿ ಬಂದೈತೆ ಮೇಡಂ. ಹೊಟ್ಟೆಗೆ ಗುಂಡು ಬಿದ್ರೂ ಕುಂಟ್ಕೊಂಡು ವಾಪಸ್ ಬಂತು. ನಮ್ಮ ಅಬ್ಬಾ ಅದರ ಮೂಗು ಸವರಿ, ಶಾಬಾಷ್ ಬೇಟಾ ಅಂದ್ರು!" ಮುಂದಿನ ಸಲ ಹೇಳುವಾಗ ಹದಿನೆಂಟು ಇಪ್ಪತ್ತೆರಡಾಗಿರುತ್ತಿತ್ತು.

ಬಾಲದ ಮೇಲಿದ್ದ ನಂಬರನ್ನು ತಂದೆ ಅವರಿಗೆ ಬಾಯಿಪಾಠ ಮಾಡಿಸಿದ್ದರು. ಅವರ ಸಂತೋಷಕ್ಕೆಂದು ನಾನು ಅದನ್ನು ಹಳೆಯ ಸೇನಾ ದಾಖಲೆ ಹುಡುಕುವ ಗೆಳತಿಯೊಬ್ಬಳಿಗೆ ಕಳಿಸಿದೆ. ವಿಮಾನದ ಸೇವಾ ಚರಿತ್ರೆ ಇಂಗ್ಲಿಷಿನಲ್ಲಿ ಬಂತು. ಓದಿದ ಮೇಲೆ ಮುಚ್ಚಿಡೋಣವೆಂದುಕೊಂಡೆ. ಆದರೆ ಸಾಬರು ಆಗಲೇ ಟೀ ಅಂಗಡಿಯವರನ್ನೆಲ್ಲ ಕರೆದು ಕೂರಿಸಿದ್ದರು.

"ಓದಿ ಮೇಡಂ, ಜೋರಾಗಿ!"

ಓದಿದೆ. ಆ ವಿಮಾನ ರಂಗೂನ್ ನೋಡಿರಲಿಲ್ಲ. ಹೊಸ ಪೈಲಟ್‌ಗಳ ತರಬೇತಿಗೆಂದೇ ಇಟ್ಟಿದ್ದದ್ದು. ಒಂದು ಬಾಂಬನ್ನೂ ಶತ್ರುವಿನ ಮೇಲೆ ಹಾಕಿರಲಿಲ್ಲ. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಯಿತು.

"ಏಮಿ ಸಾಬ್ರೇ, ನಿಮ್ ಬಾಂಬರ್ ಟ್ಯೂಷನ್ ಮೇಷ್ಟ್ರಾ!" ಎಂದು ಟೀ ಅಂಗಡಿ ವೆಂಕಟಪ್ಪ ಹೊಟ್ಟೆ ಹಿಡಿದು ನಕ್ಕ. ಸಾಬರು ಷಟರ್ ಎಳೆದು ಮನೆಗೆ ಹೋದರು.

ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಕ್ಷಮೆ ಕೇಳಲು ಹೋದರೆ, ಸಾಬರು ಗಿರಾಕಿಯೊಬ್ಬನಿಗೆ ಕಥೆ ಹೇಳುತ್ತಿದ್ದರು: "ಬಾಂಬ್ ಹಾಕೋದೇನು ಮಹಾ? ಹಾಕೋರಿಗೇ ಪಾಠ ಹೇಳಿಕೊಟ್ಟಿದ್ದು ಕಣಪ್ಪಾ ನಮ್ಮದು! ಒಬ್ಬರ ಶಾಪಾನೂ ತಟ್ಟಿಲ್ಲ." ನನ್ನನ್ನು ಕಂಡು, "ಈ ಮೇಡಂ ಥರ. ನಿಯತ್ತಿನ ಕೆಲಸ" ಎಂದರು. ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ.

ಕಳೆದ ವರ್ಷ ಅವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಹೋಳೂರಿನ ರೈತನಿಗೆ ಬಾಂಬರನ್ನು ಬಣ್ಣಿಸುತ್ತಿದ್ದರು. "ಕೂತ್ಕೊಳ್ಳಿ ಮೇಡಂ, ಇನ್ನೂ ರೆಕ್ಕೆಗೆ ಬಂದಿಲ್ಲ" ಎಂದರು. ನರ್ಸು ಹೊರಗೆ ಕಳಿಸುವವರೆಗೂ ರೆಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ಹೋದಾಗ ಸಾಬರ ಹಾಸಿಗೆಗೆ ಹೊಸ ಹೊದಿಕೆ ಹಾಸಿತ್ತು. ಬೆಳಿಗ್ಗೆಯೇ ತೀರಿಕೊಂಡರಂತೆ. ನಾನು ಹಿಂತಿರುಗುವಾಗ ರೈತ ಮೆಲ್ಲಗೆ ಕರೆದ: "ಅಮ್ಮಾ, ಆ ವಿಮಾನ ಆಮೇಲೆ ಏನಾಯ್ತು?"

ಸ್ಟೂಲ್ ಎಳೆದುಕೊಂಡು ಕೂತು, ರೆಕ್ಕೆಯಿಂದ ಶುರು ಮಾಡಿದೆ.