ಬೇರು ಮೇಲಾದ ಲೋಳೆಸರ

ಕಾಯ್ಕಿಣಿಯ ಮಂಗಲಾ ಯಾರು ಅಂತ ಕೇಳಿ ನೋಡಿ, ನಮ್ಮ ಕೇರಿಯಲ್ಲಿ ‘ಗಂಡನ್ನ ತಿಂದವಳು’ ಅನ್ನುತ್ತಾರೆ. ಗಂಡ ಲಿಂಗಪ್ಪ ಸತ್ತದ್ದು ಕುಡಿದು ಬೈಕಿನಿಂದ ಬಿದ್ದು. ತಿಂದದ್ದು ಸರಾಯಿ, ಹೆಸರು ಇವಳಿಗೆ. ನಾನು ಬೇಲಿಯಾಚೆಯವಳು, ಎಲ್ಲ ಕಂಡಿದ್ದೇನೆ.

ಹೊನ್ನಾವರದ ಒಂದು ನರ್ಸರಿಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಕೊಳೆತಿದೆ ಅಂತ ಬಿಸಾಡಿದ್ದ ಲೋಳೆಸರದ ಗಿಡವೊಂದನ್ನು ಸೆರಗಲ್ಲಿ ಕಟ್ಟಿ ತಂದಳು. ಮದ್ದಿನ ಲೋಳೆಸರ ಅಲ್ಲ, ಕೆಂಪು ಹೂ ಬಿಡುವ ಚಂದದ ಜಾತಿ. ಕೊಳೆತದ್ದನ್ನು ಕೊಯ್ದು, ಗಾಯ ಒಣಗುವವರೆಗೆ ನೆರಳಲ್ಲಿಟ್ಟು, ಹೊಳೆಮರಳಿಗೆ ಹೆಂಚಿನ ಚೂರು ಬೆರೆಸಿ ನೆಟ್ಟಳು. ನಮ್ಮ ಮಳೆಗೆ ಕಲ್ಲೇ ಪಾಚಿಗಟ್ಟುತ್ತದೆ, ಇದು ಉಳಿಯುವುದುಂಟೇ? ಜೂನ್ ಬಂತೆಂದರೆ ಕುಂಡ ಅವಳು ಮಲಗುವ ಹಿತ್ತಿಲ ಕೋಣೆಗೆ. ಮಾಡು ಸೋರಿ ಚಾಪೆ ಒದ್ದೆಯಾದರೂ ಸರಿ, ಕುಂಡ ಒಣ ಜಾಗದಲ್ಲೇ ಇರಬೇಕು. ಎಂತ ಹುಚ್ಚು ಮಾರಾಯ್ತಿ ಅಂತ ನಾನೇ ಬೈದಿದ್ದೆ.

ಮೈದುನ ನರೇಶ ಹೊಸ ಮನೆ ಕಟ್ಟಲು ಶುರುಮಾಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಜನ ಅವ. ಹೂ ಬಿಟ್ಟ ಮೇಲೆ ಗಿಡ ಎದುರು ಜಗಲಿಯಲ್ಲೇ ಇಡುವ, ಅತ್ತಿಗೆ, ನಿಮಗೂ ಒಳಗೊಂದು ಕೋಣೆ ಉಂಟು ಅಂದ. ಪಾಪ, ನಂಬಿದಳು. ಕೂಲಿ ಬಿಟ್ಟು ಅವನ ಗೋಡೆಗೆ ಚಿರೇಕಲ್ಲು ಹೊತ್ತಳು. ಮನೆ ಒಕ್ಕಲಿನ ವಾರವೇ ದಂಟು ಎದ್ದು ಹೂ ಬಿರಿಯಿತು. ಲಿಂಗಪ್ಪ ಹೋದ ಮೇಲೆ ಅವಳು ನಕ್ಕದ್ದು ನಾನು ಕಂಡದ್ದು ಅಂದೇ.

ಒಕ್ಕಲಿನ ದಿನ ಬೆಳಿಗ್ಗೆ ಕುಂಡ ತೊಳೆದು, ಸೊಂಟದ ಮೇಲಿಟ್ಟುಕೊಂಡು ಹೊಸ ಅಂಗಳಕ್ಕೆ ಬಂದಳು. ನರೇಶನ ಹೆಂಡತಿ ಧನ್ಯಾ ಕುಂಡ ಇಸಕೊಂಡವಳೇ ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಕೆಂಪು ದಾರ ಸುತ್ತಿ, ಎದುರು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿಸಿದಳು. ದೃಷ್ಟಿ ತಾಗಬಾರದು ಅಂತ ಲೋಳೆಸರ ಕಟ್ಟುವುದು ನಮ್ಮಲ್ಲಿ ಇದ್ದದ್ದೇ. ಹೂವಿರುವುದಾದರೆ ಇನ್ನೂ ಒಳ್ಳೆಯದಂತೆ. ಸುಡಲಿ ಇವರ ಶಾಸ್ತ್ರ!

ಮಂಗಲಾ ಖಾಲಿ ಕುಂಡ ಹಿಡಿದು ನಿಂತಿದ್ದಳು. ಮೆಲ್ಲಗೆ ಕೇಳಿದಳು, “ಯಾರ ಕಣ್ಣು ಬೀಳೂದು ಅಂತ ಕಟ್ಟಿದ್ದು?”

ಧನ್ಯಾ ಗಂಡನ ಮುಖ ನೋಡಿದಳು. ನರೇಶ ಅಂದ, “ಅತ್ತಿಗೆ, ಇವತ್ತು ಎದುರು ಬಾಗಿಲಲ್ಲಿ ಬರೂದು ಬೇಡ. ಹಿಂದಿನಿಂದ ಬನ್ನಿ. ಪಾತ್ರೆ ತೊಳೆಯೂಕೆ ಜನ ಸಾಲೂದಿಲ್ಲ.”

ಹೋದಳು. ನಾನೂ ಅವಳ ಹಿಂದೆಯೇ ಹೋದೆ. ಅವಳಿಗೆ ಅಂದಿದ್ದ ಕೋಣೆಯೊಳಗೆ ಅಕ್ಕಿ ಮೂಟೆಗಳಿದ್ದವು.

ಮಧ್ಯಾಹ್ನ ಧನ್ಯಾ ಹಿತ್ತಿಲಿಗೆ ಬಂದಳು. ನೆಂಟರೆಲ್ಲ ಹೂವನ್ನು ಹೊಗಳಿದರಂತೆ. ಬಾಡಬಾರದಲ್ಲ, ನೀರು ಚಿಮುಕಿಸಬೇಕಾ ಅಕ್ಕ ಅಂತ ಕೇಳಿದಳು.

ಮಂಗಲಾ ಪಾತ್ರೆಯಿಂದ ತಲೆ ಎತ್ತಲಿಲ್ಲ.

“ಎಂತದೂ ಬೇಡ,” ಅಂದಳು. “ಬೇಗ ಸಾಯೂದಿಲ್ಲ ಅದು.”